ರಿಸರ್ಚ್‌ನಲ್ಲಿದ್ದಾನೆ

ಮೇಲುಕೋಟೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಯಾರ ಮನೆಗೆ ಹೋದರೂ ಸಿಗುವ ಉತ್ತರ ಮೂರೇ ಮೂರು. ಪೂಜೆಗೆ ಕೂತಿದ್ದಾರೆ, ಪಾಠಕ್ಕೆ ಹೋಗಿದ್ದಾರೆ, ಗೊಜ್ಜು ಒಲೆಯ ಮೇಲಿದೆ ಆಮೇಲೆ ಬನ್ನಿ. ನಮ್ಮ ಬೀದಿಯ ಒಂದು ಮನೆಯಲ್ಲಿ ಮಾತ್ರ ಈಚೆಗೆ ನಾಲ್ಕನೆಯದೊಂದು ಕೇಳಿಸುತ್ತಿದೆ: "ರಿಸರ್ಚ್‌ನಲ್ಲಿದ್ದಾನೆ."

ಊರಲ್ಲಿ ಸಂಸ್ಕೃತ ಸಂಶೋಧನ ಸಂಸತ್ತು ಇದೆ, ಅಲ್ಲಿ ಸಾವಿರಾರು ತಾಳೆಗರಿಗಳಿವೆ. ಹಾಗಾಗಿ ಹೊರಗಿನವರು ಕೇಳಿದರೆ ಹುಡುಗ ಅಲ್ಲಿಯೇ ಇರಬೇಕು ಅಂದುಕೊಳ್ಳುತ್ತಾರೆ. ಹೆಣ್ಣು ಕೊಡಲು ಬಂದ ಕೆ.ಆರ್. ಪೇಟೆಯ ಕಡೆಯವರೊಬ್ಬರು ಸಂಬಳ, ಪಿಂಚಣಿ ಎಲ್ಲ ಲೆಕ್ಕ ಹಾಕಿಕೊಂಡೇ ಕಾಫಿ ಲೋಟ ಎತ್ತಿದ್ದರಂತೆ. ಹುಡುಗ ಮೆತ್ತೆಯ ಮೇಲಿಂದ ಇಳಿದು ಬಂದು, "ಈಗ ಆಸ್ಟ್ರೇಲಿಯಾದ ಬೆಕ್ಕುಗಳ ವಿಮೆ ಮೇಲೆ ಮಾಡ್ತಿದೀನಿ" ಅಂದಾಗ ಲೋಟ ಅರ್ಧಕ್ಕೇ ಕೆಳಗಿಳಿಯಿತು.

ಈತ ಕಂಟೆಂಟ್ ರೈಟರ್. ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಬಂದವನು ಕಂಪನಿ ವಾಪಸ್ ಕರೆದರೂ ಹೋಗಲಿಲ್ಲ. ಪದಕ್ಕೆ 50 ಪೈಸೆ. ಊರಿನ ಬಾಯಲ್ಲಿ ಅವನ ಹೆಸರು ಈಗ "ಕಂಟೆಂಟು" ಎಂದೇ ಆಗಿದೆ. ಹಿಮ ಕಾಣದ ಈ ಕಂಟೆಂಟು ಕೆನಡಾದವರಿಗೆ ಹಿಮದ ರಸ್ತೆಯ ಟೈರು ಆರಿಸುವುದು ಹೇಗೆಂದು ತಿಳಿಸಿದ್ದಾನೆ. ಚಾಪೆಯ ಮೇಲೆ ಮಲಗುವವನು ಯೂರೋಪಿನವರ ಬೆನ್ನುನೋವಿಗೆ ಹಾಸಿಗೆ ಸೂಚಿಸಿದ್ದಾನೆ. ತಲೆತುಂಬ ಕೂದಲಿರುವುದರಿಂದ ಬೋಳುತಲೆಯ ಬಗ್ಗೆ ಮಾತ್ರ ಅವನಿಗೆ ಪೂರ್ವಗ್ರಹವಿಲ್ಲ.

ನಗಬಹುದು. ಆದರೆ ಅವನು ಹುಡುಕುವುದನ್ನು ಪಕ್ಕದಲ್ಲಿ ಕೂತು ನೋಡಿದವರು ಸುಮ್ಮನಾಗುತ್ತಾರೆ. ನಾವು ಗೂಗಲ್ಲಿನ ಮುಂದೆ ದೇವರ ಮುಂದೆ ನಿಂತವರ ಹಾಗೆ ಕಷ್ಟವನ್ನೆಲ್ಲ ಉದ್ದಕ್ಕೆ ಹೇಳಿಕೊಳ್ಳುತ್ತೇವೆ. ಅವನು ಎರಡು ಪದ ಉದ್ಧರಣ ಚಿಹ್ನೆಯೊಳಗೆ ಹಾಕುತ್ತಾನೆ, ಬೇಡದ ಪದಕ್ಕೆ ಮೊದಲು ಮೈನಸ್ ಗುರುತು ಇಡುತ್ತಾನೆ, ಸರ್ಕಾರಿ ತಾಣಗಳೊಳಗೆ ಮಾತ್ರ ಹುಡುಕು ಎಂದು ಕಟ್ಟು ಹಾಕುತ್ತಾನೆ. ವಿಕಿಪೀಡಿಯ ಲೇಖನವನ್ನು ಬುಡದಿಂದ ಓದುತ್ತಾನೆ, ಅಂದರೆ ಮೊದಲು ಅಡಿಟಿಪ್ಪಣಿ, ಆಮೇಲೆ ಮಿಕ್ಕದ್ದು. ಅರ್ಧ ಗಂಟೆಗೆ ಅಲಾರಂ ಇಡುತ್ತಾನೆ, ಹೊಡೆದರೆ ಹುಡುಕಾಟ ಬಂದ್. ಸಿಕ್ಕ ಪ್ರತಿ ಸಂಗತಿಯ ಪಕ್ಕದಲ್ಲಿ ಎಲ್ಲಿ ಸಿಕ್ಕಿತು ಎಂದು ಬರೆದುಕೊಳ್ಳುತ್ತಾನೆ. ಎಲ್ಲಕ್ಕಿಂತ ಮುಖ್ಯವಾದ ಅವನ ಕಲೆ ತಪ್ಪು ಹಿಡಿಯುವುದು. "ಆರು ಕಡೆ ಒಂದೇ ಮಾತು ಇದೆ ಅಂತ ನಂಬಬೇಡಿ ಸಾರ್. ಆರರಲ್ಲೂ ಅದೇ ಕಾಗುಣಿತದ ತಪ್ಪು ಇದ್ರೆ, ಐದು ಜನ ಒಬ್ಬನ್ನ ನೋಡಿ ಕಾಪಿ ಹೊಡೆದಿದಾರೆ ಅಂತ."

ಒಮ್ಮೆ ಪಾಂಡವಪುರದ ಹತ್ತಿರ ಸೈಟು ಹಂಚುವವರೊಬ್ಬರು ತಮ್ಮ ಬಡಾವಣೆಗೆ "ಐತಿಹಾಸಿಕ ಹಿನ್ನೆಲೆ" ಬೇಕೆಂದರು. ಇಂಗ್ಲಿಷಿನ ಹಳೆಯ ದಾಖಲೆಗಳಲ್ಲಿ ಪಾಂಡವಪುರ ಎಂದು ಹುಡುಕಿದರೆ ಬರುವುದು ಸೊನ್ನೆ. ಹೈದರ್ ಮತ್ತು ಟಿಪ್ಪುವಿನ ಕಡೆಯ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಆ ಊರನ್ನು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದರು. ನಮ್ಮವರ ಬಾಯಲ್ಲಿ ಅದು ಹಿರೋಡೆ. ಸರಿ, ಫ್ರೆಂಚ್ ರಾಕ್ಸ್ ಎಂದು ಕೊಟ್ಟರೆ ಪರದೆಯ ತುಂಬ ಗಿಟಾರು ಹಿಡಿದ ಪ್ಯಾರಿಸಿನ ಹುಡುಗರು. ಸಂಗೀತ ಬೇಡವೆಂದು ಮೈನಸ್ ಹಾಕಿದ, ಭೂಗರ್ಭಶಾಸ್ತ್ರ ಬಂತು. ಅದಕ್ಕೂ ಮೈನಸ್ ಹಾಕಿ, ಪಕ್ಕದಲ್ಲಿ ಶ್ರೀರಂಗಪಟ್ಟಣವನ್ನು ಆ ಕಾಲದ ಸ್ಪೆಲಿಂಗಿನಲ್ಲಿ "ಸೆರಿಂಗಪಟಂ" ಎಂದು ಸೇರಿಸಿದ. ಕಂಟೋನ್ಮೆಂಟು, ಕಾಲರಾ, ಕವಾಯತು ಎಲ್ಲ ಸಾಲುಗಟ್ಟಿ ಬಂದವು. ಸೈಟಿನವರು ಕಾಲರಾ ಬಿಟ್ಟು ಉಳಿದದ್ದನ್ನು ಹಾಕಿಕೊಂಡರು.

ಮೇಲುಕೋಟೆಗೂ ಅದೇ ಗತಿ. 1800ರಲ್ಲಿ ಇಲ್ಲಿಗೆ ಬಂದು 1807ರಲ್ಲಿ ಲಂಡನ್ನಿನಲ್ಲಿ ಪ್ರವಾಸ ಕಥನ ಅಚ್ಚು ಹಾಕಿಸಿದ ಫ್ರಾನ್ಸಿಸ್ ಬುಕಾನನ್ ನಮ್ಮ ಊರಿನ ಮೊದಲರ್ಧವನ್ನು ಇಂಗ್ಲಿಷಿನಲ್ಲಿ ಅಂಚೆಗೆ ಬರೆಯುವ ಹಾಗೆಯೇ ಬರೆದಿದ್ದಾನೆ. ಅದು ತಿಳಿಯದವನಿಗೆ ಬುಕಾನನ್ ಸಿಗುವುದಿಲ್ಲ. ಶಾಸನ ಬೇಕಾದರೆ ಇನ್ನೂ ಮಜಾ. ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಶ್ರೀರಂಗಪಟ್ಟಣದ ಸೀಮೆ 1894ರ ಮೂರನೆಯ ಸಂಪುಟದಲ್ಲಿದ್ದರೆ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ 1898ರ ನಾಲ್ಕನೆಯದರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಗೆ ಬಂದರೆ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಮೂರೂ ಆರನೆಯ ಸಂಪುಟ, ನಾಗಮಂಗಲ ಮಾತ್ರ ಏಳು. ಸ್ಕ್ಯಾನ್ ಮಾಡಿಟ್ಟ ಹಳೆಯ ಕನ್ನಡ ಪುಟಗಳಲ್ಲಿ ಯಂತ್ರ ಒತ್ತಕ್ಷರ ನುಂಗುತ್ತದೆಯಾದ್ದರಿಂದ ಪದ ಕೊಟ್ಟು ಹುಡುಕಿ ಪ್ರಯೋಜನವಿಲ್ಲ, ನೇರ ಕೊನೆಯ ಸೂಚಿಗೆ ಹೋಗಬೇಕು ಎಂಬುದೂ ಅವನಿಗೆ ಗೊತ್ತು. ನಾಗಮಂಗಲದ ಮೇಷ್ಟರೊಬ್ಬರು ವಾರವಿಡೀ ಆರನೆಯ ಸಂಪುಟದಲ್ಲಿ ತಮ್ಮೂರಿನ ಶಾಸನ ಹುಡುಕಿ ಕಂಗೆಟ್ಟಿದ್ದಾಗ, ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತಲೇ ಫೋನಿನಲ್ಲಿ ದಾರಿ ಹೇಳಿದವನು ಇವನೇ. ಇಂಥ ಕೆಲಸಕ್ಕೆ ಪದಕ್ಕೆ 50 ಪೈಸೆ ಕೊಡುವವರೂ ಇಲ್ಲ, ಅದು ಬೇರೆ ಮಾತು.

ಇಷ್ಟೆಲ್ಲ ಬುದ್ಧಿ ಇರುವವನು ಕೆಟ್ಟದ್ದು ಯಾವಾಗ ಎಂದರೆ, ಪ್ರವಾಸದ ತಾಣವೊಂದು "ಮೇಲುಕೋಟೆಯಲ್ಲಿ ನೋಡಲೇಬೇಕಾದ 10 ಸ್ಥಳಗಳು" ಬರೆದುಕೊಡು ಎಂದಾಗ.

ನಾಡಿದ್ದು ಕೊಡಬೇಕು. ಕಿಟಕಿ ತೆಗೆದರೆ ಯೋಗನರಸಿಂಹನ ಬೆಟ್ಟ, ಹಿತ್ತಿಲ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಕಲ್ಯಾಣಿ. ಕಂಟೆಂಟು ಕಿಟಕಿ ಮುಚ್ಚಿದ, ಪರದೆಯ ಮೇಲೆ ಬಿಸಿಲು ಬೀಳುತ್ತದೆಂದು. ಒಂದರ ಪಕ್ಕ ಒಂದು ಟ್ಯಾಬು ತೆರೆದ. ರಾಯಗೋಪುರ ಸುಲಭವಾಗಿ ಮುಗಿಯಿತು. ಕಟ್ಟಿದವರೇ ಮುಗಿಸದೆ ಬಿಟ್ಟದ್ದು, 2007ರ ಹಿಂದಿ ‘ಗುರು’ ಚಿತ್ರದ ಮಳೆ ಹಾಡಿನಲ್ಲಿ ಐಶ್ವರ್ಯ ರೈ ಕುಣಿದ ಊರು, ಇಷ್ಟು ಸಾಕು. ಸಿಕ್ಕಿಬಿದ್ದದ್ದು ಅಕ್ಕ-ತಂಗಿ ಕೊಳದಲ್ಲಿ. ಅಕ್ಕಪಕ್ಕದ ಎರಡು ಕೊಳ, ಒಂದರ ನೀರು ಕುಡಿಯಲು ಬರುತ್ತದೆ, ಇನ್ನೊಂದರದು ಬರುವುದಿಲ್ಲ ಎಂಬುದು ಕಥೆ. ಯಾವುದು ಅಕ್ಕನದು, ಯಾವುದು ತಂಗಿಯದು? ಕೆಲವು ತಾಣಗಳು ಅಕ್ಕನ ಪಕ್ಷ, ಕೆಲವು ತಂಗಿಯ ಪಕ್ಷ. ಉದ್ಧರಣ ಚಿಹ್ನೆ ಹಾಕಿದ, ಮೈನಸ್ ಹಾಕಿದ, ಅಲಾರಂ ಹೊಡೆಯಿತು.

ಅವನ ಅಜ್ಜಿ ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದಳು.

"ಯಾವ್ದುಕ್ಲಾ ಒದ್ದಾಡ್ತೀಯೆ?"

"ಅಕ್ಕ-ತಂಗಿ ಕೊಳ ಅಜ್ಜಿ. ಯಾವ್ದು ಯಾರ್ದು ಅಂತ."

"ಎದ್ದೋಗಿ ಎರಡರಲ್ಲೂ ಒಂದೊಂದು ಬೊಗಸೆ ಬಾಯಿಗಾಕ್ಕೊಂಡು ನೋಡ್ಲಾ. ಒಂದ್ ಎಲೆ ಅಡಿಕೆ ಹಾಕ್ಕೊಳೋಷ್ಟು ಹೊತ್ತಾಯ್ತದೆ."

"ಅದಕ್ಕೆ ಲಿಂಕ್ ಕೊಡಕ್ಕಾಗಲ್ಲ ಅಜ್ಜಿ."

ಅಜ್ಜಿ ಅವರೆಕಾಯಿಗೆ ಮರಳಿದಳು. ಲಿಂಕ್ ಎಂದರೇನೆಂದು ಅವಳು ಕೇಳಲಿಲ್ಲ, ನೀರಿಗಿಂತ ದೊಡ್ಡದೇನೋ ಇರಬೇಕು ಅಂದುಕೊಂಡಳೇನೋ.

ಪುಳಿಯೋಗರೆಯ ಸರದಿ. ಎದುರುಮನೆಯ ಸ್ವಾಮಿಗಳ ಕೊಪ್ಪರಿಗೆಯಲ್ಲಿ ಹುಣಸೆ ಗೊಜ್ಜು ಕುದಿದು ಎಣ್ಣೆ ಬಿಡುತ್ತಿದ್ದ ಘಾಟು ಇವನ ಮೂಗಿಗೇ ಬಡಿಯುತ್ತಿತ್ತು, ಸೀನುತ್ತಲೇ ಯೂಟ್ಯೂಬಿನಲ್ಲಿ "ಅಪ್ಪಟ ಮೇಲುಕೋಟೆ ಪುಳಿಯೋಗರೆ" ನೋಡುತ್ತಿದ್ದ. ಅದರಲ್ಲೊಬ್ಬಾಕೆ ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿದಳು. ಖಚಿತಪಡಿಸಿಕೊಳ್ಳೋಣವೆಂದು ಜಗುಲಿಯಿಂದಲೇ ಕೂಗಿ ಕೇಳಿದ: "ಸ್ವಾಮಿ, ಬೆಳ್ಳುಳ್ಳಿ ಎಷ್ಟು ಎಸಳು ಹಾಕ್ತೀರಿ?" ಸ್ವಾಮಿಗಳು ಸೌಟನ್ನು ಕೊಪ್ಪರಿಗೆಗೆ ಒರಗಿಸಿ, ಎದ್ದು ಬಂದು, ಇವನ ಮುಖ ಒಂದು ಸಲ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಎರಡು ತಿಂಗಳು ಆ ಮನೆಯಿಂದ ಈ ಮನೆಗೆ ಪ್ರಸಾದ ಬರಲಿಲ್ಲ.

ಬೇಸತ್ತು ಎಐಯನ್ನು ಕೇಳಿದ. ಅದಕ್ಕೆ ಗೊತ್ತಿಲ್ಲದ್ದೇ ಇಲ್ಲ. ಮೇಲುಕೋಟೆಯ ಪು.ತಿ.ನ. ಅವರಿಗೆ ಅದು ಒಂದೇ ಸೆಕೆಂಡಿನಲ್ಲಿ ಜ್ಞಾನಪೀಠ ಕೊಟ್ಟುಬಿಟ್ಟಿತು. 1905ರಿಂದ 1998ರವರೆಗೆ ಬದುಕಿದ್ದ ಕವಿಗೆ ಯಾರೂ ಕೊಡದಿದ್ದ ಪ್ರಶಸ್ತಿ. ಇಲ್ಲಿ ಮಾತ್ರ ನಮ್ಮ ಹುಡುಗ ಮೋಸ ಹೋಗಲಿಲ್ಲ. ಸಾಹಿತ್ಯ ಅಕಾಡೆಮಿಯ ಪಟ್ಟಿ ತೆಗೆದು, 1966ರ ಸಾಲಿನಲ್ಲಿ ‘ಹಂಸ ದಮಯಂತಿ ಮತ್ತು ಇತರ ರೂಪಕಗಳು’ ಇರುವುದನ್ನು ಕಂಡು ಅಷ್ಟನ್ನೇ ಬರೆದ. ಎಐ ಕ್ಷಮೆ ಕೇಳಿ, ಹಾಗಾದರೆ ಜ್ಞಾನಪೀಠ ಬಂದದ್ದು ಬೇರೆ ವರ್ಷ ಇರಬೇಕು ಎಂದಿತು. (ಅದು ಕೊಟ್ಟ ಪ್ರಶಸ್ತಿಗೆ ನನ್ನ ಸಹಮತವೂ ಇದೆ. ಆದರೆ ಸಹಮತ ಬೇರೆ, ಸಂಗತಿ ಬೇರೆ.)

ಕೊನೆಗೆ ಕಲ್ಯಾಣಿಗೆ ಎಷ್ಟು ಮೆಟ್ಟಿಲು ಎಂಬುದು ಬಾಕಿ ಉಳಿಯಿತು. ಈ ಬಾರಿ ಅದೃಷ್ಟ ಖುಲಾಯಿಸಿತ್ತು. ನಾಲ್ಕು ತಾಣಗಳು ಒಂದೇ ಸಂಖ್ಯೆ ಕೊಟ್ಟಿದ್ದವು, ಗೈಡುಗಳೂ ಅದನ್ನೇ ಹೇಳುತ್ತಿದ್ದರು. ಖುಷಿಯಿಂದ ಬರೆದುಕೊಳ್ಳುವಾಗ ಅಭ್ಯಾಸಬಲದಿಂದ ಕಾಗುಣಿತದ ಮೇಲೆ ಕಣ್ಣು ಹೋಯಿತು. ನಾಲ್ಕರಲ್ಲೂ "ಮೆಟ್ಟೀಲು". ಬಾಲ ಹಿಡಿದು ಹೋದ. ನಾಲ್ಕೂ ಸೇರಿದ್ದು ಒಂದೇ ಹಳೆಯ ಲೇಖನಕ್ಕೆ. ಬರೆದವನು ಇವನೇ, ಮೂರು ವರ್ಷದ ಹಿಂದೆ, ನಿದ್ದೆಗಣ್ಣಿನಲ್ಲಿ, ಅಂದಾಜಿಗೆ. ಬೇರೆ ಯಾರಾದರೂ ನಾಚಿಕೊಳ್ಳುತ್ತಿದ್ದರು. ಇವನು ಊರಿಗೆಲ್ಲ ಹೇಳಿಕೊಂಡು ಬಂದ, "ಗೈಡುಗಳೆಲ್ಲ ನನ್ನ ಕಂಟೆಂಟೇ ಹೇಳ್ತಿರೋದು!"

ಮಾರ್ಚಿನಲ್ಲಿ ದೇವರಿಗೆ ಕಿರೀಟ ತೊಡಿಸುವ ವೈರಮುಡಿ ಉತ್ಸವ ಬಂತು. ಆ ರಾತ್ರಿಯ ವರದಿ ಬಿಸಿಬಿಸಿ ಬೇಕೆಂದು ಕಕ್ಷಿದಾರರ ಬೇಡಿಕೆ. ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಕಿರೀಟ ಬೆಟ್ಟ ಹತ್ತಿತು, ಅದರ ಹಿಂದೆ ಲಕ್ಷಾಂತರ ಜನ ಹತ್ತಿದರು, ಅವರ ಜೇಬಿನಲ್ಲಿ ಲಕ್ಷಾಂತರ ಫೋನುಗಳೂ ಹತ್ತಿದವು. ನೆಟ್‌ವರ್ಕ್ ಮಲಗಿತು. ಕಂಟೆಂಟು ಮೆತ್ತೆಯ ಮೇಲೆ ನೇರ ಪ್ರಸಾರದ ಚಕ್ರ ತಿರುಗುವುದನ್ನೇ ನೋಡುತ್ತ ಕೂತ. ಬೀದಿಯಲ್ಲಿ ನಾಗಸ್ವರದ ಸದ್ದು ಜೋರಾಯಿತು. ಸದ್ದು ಅಡ್ಡಿಯಾಗುತ್ತದೆಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ಹೇಗೋ ಒಂದು ಫೋನ್ ಕರೆ ಸಿಕ್ಕಿತು, ನ್ಯೂಜೆರ್ಸಿಯ ಚಿಕ್ಕಪ್ಪನ ಮಗಳಿಗೆ.

"ನಿನಗೆ ಲೈವ್ ಬರ್ತಿದೆಯೇನೇ? ಗರುಡ ವಾಹನ ಎಲ್ಲಿಗೆ ಬಂತು?"

"ನಿಮ್ಮ ಮನೆ ಮುಂದೇನೇ ಇದೆಯಲ್ಲೋ ಅಣ್ಣ! ಅಜ್ಜಿ ಆರತಿ ತಟ್ಟೆ ಹಿಡ್ಕೊಂಡು ನಿಂತಿದಾರೆ. ಹಸಿರು ಸೀರೆ."

"ಇರು, ಇರು, ಬರ್ಕೋತೀನಿ" ಅಂದು ಟೈಪ್ ಮಾಡಿದ: ‘ಪ್ರತ್ಯಕ್ಷದರ್ಶಿಯೊಬ್ಬರ ಪ್ರಕಾರ...’

ಸ್ವಲ್ಪ ಹೊತ್ತಿನಲ್ಲಿ ಅಜ್ಜಿ ಮೇಲೆ ಬಂದು ಅವನ ಹಣೆಗೆ ಕುಂಕುಮ ಒತ್ತಿದಳು. "ದ್ಯಾವ್ರು ಬಾಗ್ಲಿಗೇ ಬಂದಿತ್ತು ಕಣ್ಲಾ, ಆಚ್ಗೆ ಬರ್ಬಾರ್ದಾಗಿತ್ತಾ?"

"ಗೊತ್ತಜ್ಜಿ. ಕನ್‌ಫರ್ಮ್ ಮಾಡ್ಕೊಂಡೆ."