ನೀಲಿ ಹಲ್ಲು, ಇಲ್ಲದ ಕಡಲೆ

ನನ್ನ ನಾದಿನಿ ನನ್ನ ಬಗ್ಗೆ ಏನಂದುಕೊಂಡಿದ್ದಾಳೆ ಎಂಬುದು ಮದುವೆಯಾಗಿ ಮೂವತ್ತೊಂದು ವರ್ಷಗಳಾದ ಮೇಲೆ, ಮೊನ್ನೆ ಭಾನುವಾರ ಬೆಳಿಗ್ಗೆ ನನಗೆ ತಿಳಿಯಿತು. ತಿಳಿಸಿದ್ದು ಅವಳಲ್ಲ, ಹುಟ್ಟುಹಬ್ಬಕ್ಕೆ ಮಗಳು ಕೊಡಿಸಿದ ಬ್ಲೂಟೂತ್ ಹೆಡ್‌ಫೋನು.

ಕಾಫಿ ಮುಗಿಸಿ ವರಾಂಡದ ಕುರ್ಚಿಯಲ್ಲಿ ಕೂತು, ಹೆಡ್‌ಫೋನನ್ನು ಮೈಸೂರು ಪೇಟದಷ್ಟೇ ಗೌರವದಿಂದ ತಲೆಗೇರಿಸಿ ಗುಂಡಿ ಒತ್ತಿದೆ. ಒಳಗಿರುವ ಹೆಣ್ಣುಮಗಳು 'ಪವರ್ ಆನ್' ಅಂದಳು. ತುಸು ಯೋಚಿಸಿ 'ಕನೆಕ್ಟೆಡ್' ಅಂದಳು. ಯಾರಿಗೆ ಅನ್ನಲಿಲ್ಲ. ನಾನು ಫೋನಿನಲ್ಲಿ ಚೌಡಯ್ಯನವರ ಪಿಟೀಲು ಹಚ್ಚಿದರೆ, ಪಿಟೀಲು ನನ್ನ ಜೇಬಿನಿಂದ ಬೀದಿಗೆಲ್ಲ ಕೇಳಿಸಿತು. ಕಿವಿಯೊಳಗೆ ಬೇರೆಯದೇ ಕಛೇರಿ: "ಭಾವ ಇನ್ನೂ ಹಾಗೇ ಇದ್ದಾರೇನೇ ಅಕ್ಕಾ? ರಿಟೈರ್ ಆದ್ಮೇಲಾದ್ರೂ ಸರಿಹೋಗ್ತಾರೆ ಅಂದ್ಕೊಂಡಿದ್ದೆ." ಅಡುಗೆಮನೆಯಿಂದ ನನ್ನ ಹೆಂಡತಿ, "ಹಲೋ, ಹಲೋ, ಏನೂ ಕೇಳಿಸ್ತಿಲ್ಲ ಕಣೇ" ಎಂದು ಕೂಗುತ್ತಿದ್ದಳು. ಹಿಂದಿನ ರಾತ್ರಿ ಧಾರಾವಾಹಿ ನೋಡಲು ಅವಳು ಈ ಹೆಡ್‌ಫೋನನ್ನು ಹಾಕಿಕೊಂಡಿದ್ದಳು. ಅದು ಅವಳನ್ನು ನೆನಪಿಟ್ಟುಕೊಂಡಿತ್ತು, ನನ್ನನ್ನಲ್ಲ.

ಮೈಕೂ ನನ್ನ ತಲೆಯ ಮೇಲೇ ಇದ್ದುದರಿಂದ, "ಇಲ್ಲಮ್ಮಾ, ಸರಿಹೋಗಿಲ್ಲ" ಎಂದು ನಾನೇ ಉತ್ತರ ಕೊಟ್ಟೆ. ಅದು ನಾದಿನಿಗೆ ಸ್ಪಷ್ಟವಾಗಿ ಕೇಳಿಸಿರಬೇಕು, ಕರೆ ತಟ್ಟನೆ ಕಟ್ಟಾಯಿತು. ಈ ಹೆಡ್‌ಫೋನು ಎರಡೂ ಕಡೆಯ ಮಾತನ್ನು ತಡವಿಲ್ಲದೆ ಮುಟ್ಟಿಸಿದ್ದು ಅದೊಂದೇ ಸಲ.

ಹಳೆಯ ವೈರಿನ ಇಯರ್‌ಫೋನಿಗೆ ನೂರು ದೋಷಗಳಿದ್ದವು. ಜೇಬಿಗೆ ಹಾಕಿದಾಗ ಹಾವಿನಂತೆ ನೀಟಾಗಿ ಸುತ್ತಿಕೊಂಡಿದ್ದು, ತೆಗೆಯುವಾಗ ಜೋಗಿಯ ಜಡೆಯಾಗಿರುತ್ತಿತ್ತು. ಆದರೆ ಅದಕ್ಕೆ ಎರಡು ತುದಿಗಳಿದ್ದವು, ಎರಡೂ ಕಣ್ಣಿಗೆ ಕಾಣುತ್ತಿದ್ದವು. ಒಂದು ನನ್ನ ಕಿವಿಯಲ್ಲಿ, ಇನ್ನೊಂದು ನನ್ನ ಫೋನಿನಲ್ಲಿ. ನಡುವೆ ನಾದಿನಿ ನುಸುಳಲು ಜಾಗವಿರಲಿಲ್ಲ. ಈಗ ದಾರವಿಲ್ಲ, ಹಾಗಾಗಿ ಅದರ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂದು ಕೇಳುವ ಹಕ್ಕೂ ಇಲ್ಲ. 'ಕನೆಕ್ಟೆಡ್' ಅಂದರೆ ನಂಬಬೇಕು. ತಾಲ್ಲೂಕು ಕಚೇರಿಯಲ್ಲಿ 'ನಿಮ್ಮ ಫೈಲು ಮೇಲಕ್ಕೆ ಹೋಗಿದೆ' ಅಂದಾಗ ನಂಬುವುದಿಲ್ಲವೇ, ಹಾಗೆ.

ಬ್ಲೂಟೂತ್ ಎಂಬ ಹೆಸರಿನ ಮೂಲ ಹುಡುಕಿದಾಗ ಈ ಗುಣ ಎಲ್ಲಿಂದ ಬಂತೆಂದು ಗೊತ್ತಾಯಿತು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ದೊರೆ ಹರಾಲ್ಡ್, ಅಡ್ಡಹೆಸರು ಬ್ಲೂಟೂತ್. ಬಾಯಲ್ಲೊಂದು ಸತ್ತ ಹಲ್ಲಿದ್ದು ನೀಲಿಗಟ್ಟಿತ್ತಂತೆ, ಅದಕ್ಕೆ ಆ ಹೆಸರು ಎಂದು ಹೇಳುತ್ತಾರೆ. ಡೆನ್ಮಾರ್ಕನ್ನೂ ನಾರ್ವೆಯನ್ನೂ ಒಂದುಗೂಡಿಸಿದವನು ಎಂಬುದು ಅವನ ಕೀರ್ತಿ. ಹಾಗೆಂದು ಹೇಳುವ ಸಾಕ್ಷಿ ಜೆಲಿಂಗ್ ಎಂಬ ಊರಿನಲ್ಲಿರುವ ಕಲ್ಲು. ಆ ಕಲ್ಲನ್ನು ನಿಲ್ಲಿಸಿದವನು ಸ್ವತಃ ಹರಾಲ್ಡನೇ. ಅಂದರೆ ಸಾವಿರ ವರ್ಷದ ಹಿಂದೆಯೂ 'ಕನೆಕ್ಟೆಡ್' ಎಂದು ಘೋಷಿಸಿದ್ದು ಸಾಧನವೇ ಹೊರತು ಕೇಳುಗರಲ್ಲ! ಕಡೆಗೇನಾಯಿತು? ಹೆತ್ತ ಮಗ ಸ್ವೇನ್ ದಂಗೆಯೆದ್ದ. ಎರಡು ದೇಶ ಜೋಡಿಸಿದವನಿಗೆ ಸ್ವಂತ ಮಗನೊಡನೆ ಪೇರಿಂಗ್ ಆಗಲಿಲ್ಲ, ಆ ದಂಗೆಯಲ್ಲೇ ಅವನ ಕಥೆ ಮುಗಿಯಿತು.

1997ರಲ್ಲಿ ಇಂಟೆಲ್ ಕಂಪನಿಯ ಜಿಮ್ ಕಾರ್ಡಾಕ್ ಎಂಬ ಎಂಜಿನಿಯರು, ಆ ಕಾಲದ ವೈಕಿಂಗರ ಕುರಿತ ಕಾದಂಬರಿಯೊಂದನ್ನು ಓದಿ, ವೈರಿಲ್ಲದ ಜೋಡಣೆಗೆ ಈ ದೊರೆಯ ಹೆಸರನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳೋಣವೆಂದ. ಸರಿಯಾದ ಹೆಸರು ಆಮೇಲೆ ಬರಬೇಕಿತ್ತು, ಬರಲಿಲ್ಲ. ನಮ್ಮಲ್ಲಿ ತಾತ್ಕಾಲಿಕ ಬಸ್ ನಿಲ್ದಾಣಕ್ಕೆ ಮೊಮ್ಮಕ್ಕಳ ಕಾಲದಲ್ಲೂ ತಗಡಿನ ಸೂರೇ ಇರುವುದಿಲ್ಲವೇ? 1998ರಲ್ಲಿ ಎರಿಕ್‌ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಶಿಬಾ ಸೇರಿ ಸಂಘ ಕಟ್ಟಿದವು. ದೊರೆಯ ಹೆಸರಿನ ಎರಡು ಮೊದಲಕ್ಷರಗಳನ್ನು ಪುರಾತನ ರೂನ್ ಲಿಪಿಯಲ್ಲಿ ಒಂದರ ಮೇಲೊಂದು ಕೂರಿಸಿ ಗುರುತು ಮಾಡಿಕೊಂಡವು. ನಮ್ಮೆಲ್ಲರ ಫೋನಿನ ಮೇಲ್ಗಡೆ ಸತ್ತ ಹಲ್ಲಿನ ದೊರೆಯ ರುಜು ಕೂತಿರುವುದು ಹೀಗೆ.

ಹಲ್ಲಿನ ಮಾತು ಬಂದಾಗ ನಮ್ಮ ಗಾದೆ ನೆನಪಾಗಲೇಬೇಕು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಫೋನು ಚಾರ್ಜಾಗಿದ್ದ ದಿನ ಹೆಡ್‌ಫೋನು 'ಬ್ಯಾಟರಿ ಲೋ' ಎಂದು ನರಳುತ್ತದೆ. ಹೆಡ್‌ಫೋನಿಗೆ ಹೊಟ್ಟೆ ತುಂಬಿದ ದಿನ ಫೋನು ಮಲಗಿರುತ್ತದೆ. ನನ್ನ ಮಗಳ ಇಯರ್‌ಬಡ್ಸಿನಲ್ಲಿ ಎಡಗಿವಿಗೊಂದು ಬ್ಯಾಟರಿ, ಬಲಗಿವಿಗೊಂದು, ಅವು ಮಲಗುವ ಡಬ್ಬಿಗೊಂದು. ಹಾಡು ಕೇಳಲು ಫೋನೂ ಸೇರಿ ನಾಲ್ಕು ಬಾಯಿಗೆ ಉಣಿಸಬೇಕು. ವೈರಿಗೆ ಹಸಿವೇ ಇರಲಿಲ್ಲ.

ಒಳಗೆ ನಡೆಯುವುದನ್ನು ಕೇಳಿದರೆ ಮಾತ್ರ ಭಕ್ತಿ ಹುಟ್ಟುತ್ತದೆ. 2.4 ಗಿಗಾಹರ್ಟ್ಸ್ ಸುತ್ತಮುತ್ತಲಿನ ಅಲೆಗಳಿಗೆ ಲೈಸೆನ್ಸ್ ಬೇಡ, ಅದು ಆಕಾಶದ ಗೋಮಾಳ. ಗೋಮಾಳವೆಂದ ಮೇಲೆ ಒತ್ತುವರಿ ಇದ್ದದ್ದೇ. ವೈಫೈ ಅಲ್ಲೇ ಗುಡಿಸಲು ಹಾಕಿದೆ, ಉಪ್ಪಿಟ್ಟು ಬಿಸಿ ಮಾಡುವ ಮೈಕ್ರೋವೇವ್ ಒಲೆಯೂ ಅಲ್ಲೇ ಹೊಗೆಯಾಡುತ್ತದೆ. ಈ ಸಂತೆಯಲ್ಲಿ ಯಾರಿಗೂ ಡಿಕ್ಕಿ ಹೊಡೆಯದಿರಲು ಬ್ಲೂಟೂತ್ ಕಂಡುಕೊಂಡ ಉಪಾಯ ಪಕ್ಷಾಂತರ. 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲ ಜಿಗಿಯುತ್ತದೆ. 2019ರಲ್ಲಿ ನಮ್ಮ ಶಾಸಕರಿಗೆ ಒಂದೇ ಒಂದು ಸಲ ಜಿಗಿಯುವುದಕ್ಕೆ ಮುಂಬೈಯ ಹೋಟೆಲು ಬೇಕಾಯಿತು, ಸುಪ್ರೀಂ ಕೋರ್ಟಿನ ಮೆಟ್ಟಿಲು ಬೇಕಾಯಿತು. ಇದಕ್ಕೆ ರೆಸಾರ್ಟೂ ಬೇಡ, ಖಾತೆಯೂ ಬೇಡ.

ಇಂಥದೇ ಜಿಗಿತಕ್ಕೆ ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲೇ ಹಾಲಿವುಡ್ ತಾರೆ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೀಲ್ ಪೇಟೆಂಟ್ ಪಡೆದಿದ್ದರು. ಟಾರ್ಪಿಡೊಗೆ ಕಳಿಸುವ ಸಂಕೇತವನ್ನು ಶತ್ರು ಕೆಡಿಸಬಾರದೆಂದು, ಪಿಯಾನೋದ ಮನೆಗಳಷ್ಟೇ, ಅಂದರೆ 88 ತರಂಗಗಳ ನಡುವೆ ನೆಗೆಯುವ ಲೆಕ್ಕ ಅವರದು. ಹಡಗು ಮುಳುಗಿಸಲು ಹೊರಟ ಉಪಾಯ ಈಗ ನಮ್ಮ ಬಡಾವಣೆಯಲ್ಲಿ ಸುಪ್ರಭಾತ ಕೇಳಿಸುತ್ತಿದೆ. ಅದೂ ಫೋನು ಪ್ಯಾಂಟಿನ ಹಿಂಜೇಬಿನಲ್ಲಿದ್ದರೆ ತುಂಡುತುಂಡಾಗಿ. ಈ ಅಲೆಗಳನ್ನು ನೀರು ಹೀರುತ್ತದೆ, ನಮ್ಮ ಮೈಯೋ ಬಹುಪಾಲು ನೀರು. ನನಗೂ ನನ್ನ ಹಾಡಿಗೂ ನಡುವೆ ಅಡ್ಡ ನಿಂತವನು ನಾನೇ! ಇದನ್ನು ಹೇಳಲು ವೇದಾಂತಿಗಳಿಗೆ ಎಷ್ಟು ಗ್ರಂಥ ಬೇಕಾಯಿತೋ, ಹೆಡ್‌ಫೋನಿನ ಜೊತೆ ಬಂದ ಚೀಟಿ ಎರಡು ಸಾಲಿನಲ್ಲಿ ಹೇಳಿ ಮುಗಿಸಿದೆ.

ಫೋನಿನೊಡನೆ ಸಂಸಾರ ಇಷ್ಟಾದರೆ, ಕಂಪ್ಯೂಟರಿನೊಡನೆ ಬೇರೆಯೇ ಕಥೆ. ನನ್ನ ಕಂಪ್ಯೂಟರಿಗೆ ಒಂದು ಹೆಡ್‌ಫೋನು ಎರಡಾಗಿ ಕಾಣುತ್ತದೆ. ಒಂದರ ಹೆಸರು ಹೆಡ್‌ಫೋನ್ಸ್, ಇನ್ನೊಂದರದು ಹ್ಯಾಂಡ್ಸ್-ಫ್ರೀ. ಮೊದಲನೆಯದು ಸಂಗೀತಗಾರ. ಎ2ಡಿಪಿ ಎಂಬ ಅಗಲವಾದ ಏಕಮುಖ ರಸ್ತೆಯಲ್ಲಿ ಬರುತ್ತದೆ, ಚೆನ್ನಾಗಿ ಹಾಡುತ್ತದೆ, ಆದರೆ ನಾವು ಹೇಳಿದ್ದು ಅದಕ್ಕೆ ಕೇಳಿಸದು. ಎರಡನೆಯದು ಗುಮಾಸ್ತ. ಮಾತಾಡುತ್ತದೆ, ಕೇಳಿಸಿಕೊಳ್ಳುತ್ತದೆ, ಆದರೆ ಎರಡೂ ಕಡೆಯ ಗಾಡಿ ಇಕ್ಕಟ್ಟಿನ ಓಣಿಯಲ್ಲೇ ಓಡಬೇಕಾದ್ದರಿಂದ ಧ್ವನಿ ಸೊರಗಿರುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ ತೆಗೆದರೆ, ಹಳೆಯ ಹ್ಯಾಂಡ್ಸ್-ಫ್ರೀ ಪದ್ಧತಿಯಲ್ಲಿ 8,000 ಸಲ, ಸುಧಾರಿಸಿದ್ದರಲ್ಲಿ 16,000 ಸಲ. ಹಾಡು ಕೇಳುತ್ತಾ ಮೈಕು ತೆರೆದಿರೋ, ಸಂಗೀತಗಾರ ಎದ್ದು ಹೋಗಿ ಗುಮಾಸ್ತ ಬಂದು ಕೂರುತ್ತಾನೆ. ಅಷ್ಟು ಹೊತ್ತು ಸಭಾಂಗಣದಲ್ಲಿದ್ದ ಪಿಟೀಲು ಬಾವಿಯೊಳಗೆ ಬಿದ್ದಂತೆ ಕೇಳಿಸುತ್ತದೆ. ನನ್ನ ಹೆಡ್‌ಫೋನು ಕೆಟ್ಟಿದೆಯೆಂದು ನಾನು ಎರಡು ಸಲ ಅಂಗಡಿಗೆ ಹೊತ್ತೊಯ್ದಿದ್ದೆ. ಅಂಗಡಿಯ ಹುಡುಗ ತನ್ನ ಫೋನಿಗೆ ಜೋಡಿಸಿ, "ಸೂಪರಾಗಿದೆಯಲ್ಲ ಅಂಕಲ್" ಎಂದು, ಸಕ್ಕರೆ ಕಾಯಿಲೆಯವರನ್ನು ನೋಡುವ ಹಾಗೆ ನನ್ನನ್ನು ನೋಡಿದ.

ಸಿನಿಮಾ ನೋಡಲು ಕೂತರೆ ತುಟಿ ಮೊದಲು ಆಡುತ್ತದೆ, ಮಾತು ಹಿಂದೆ ಬರುತ್ತದೆ. ಧ್ವನಿಯನ್ನು ಗಂಟು ಕಟ್ಟಿ, ಕಳಿಸಿ, ಬಿಚ್ಚುವಷ್ಟರಲ್ಲಿ ಆಗುವ ತಡ ಅದು. ಡಬ್ಬಿಂಗ್ ಬೇಡವೆಂದು ದಶಕಗಳ ಕಾಲ ಹೋರಾಡಿದ ನಾಡಿನಲ್ಲಿ ಅಪ್ಪಟ ಕನ್ನಡ ಚಿತ್ರವೂ ಡಬ್ಬಿಂಗ್ ಚಿತ್ರದಂತೆ ಕಂಡರೆ ಯಾರ ಮೇಲೆ ಮೊಕದ್ದಮೆ ಹೂಡುವುದು?

ಹೋದ ತಿಂಗಳು ಆನ್‌ಲೈನ್ ವಿಚಾರ ಸಂಕಿರಣ. ನನ್ನ ಸರದಿಗೆ ಹತ್ತು ನಿಮಿಷ. ಪರದೆ 'ಕನೆಕ್ಟೆಡ್' ಅಂದಿತ್ತು. ನಾನು ಹಳಗನ್ನಡದ ಬಗ್ಗೆ ಗಂಟಲು ಕಟ್ಟುವಂತೆ ಮಾತಾಡಿದೆ. ಮುಗಿದ ಮೇಲೆ ಅಧ್ಯಕ್ಷರು, "ಬಹಳ ಅರ್ಥಪೂರ್ಣ ಮಾತುಗಳು" ಅಂದರು. ಚಪ್ಪಾಳೆಯ ಚಿತ್ರಗಳು ಚಿಮ್ಮಿದವು. ಆಮೇಲೆ ಗೊತ್ತಾಯಿತು, ಮೈಕು ಆ ಹತ್ತೂ ನಿಮಿಷ ಪಕ್ಕದ ಕೋಣೆಯ ಮಂಚದ ಮೇಲಿದ್ದ ಹೆಡ್‌ಫೋನಿನದಾಗಿತ್ತು. ಸಭೆ ಕೇಳಿದ್ದು ನಮ್ಮ ಮನೆಯ ಫ್ಯಾನಿನ ಸದ್ದು. ಇದರಲ್ಲಿ ಬ್ಲೂಟೂತಿನ ತಪ್ಪೆಷ್ಟು, ವಿಚಾರ ಸಂಕಿರಣಗಳದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ನಾದಿನಿಯ ಕರೆ ಕಟ್ಟಾದ ಆ ಭಾನುವಾರ ಮಗಳಿಗೆ ಫೋನು ಮಾಡಿದೆ.

"ಅಪ್ಪಾ, ಮೊದ್ಲು ಅದನ್ನ ಫರ್ಗೆಟ್ ಕೊಡು."

"ಮರೆಯೋದು ಹೇಗಮ್ಮಾ, ಬೆಳಿಗ್ಗೆಯಿಂದ ಅದೇ ಯೋಚನೆ."

"ನೀನಲ್ಲ ಅಪ್ಪಾ, ಫೋನು. ಲಿಸ್ಟಲ್ಲಿ ಹೆಸರು ಒತ್ತಿ ಫರ್ಗೆಟ್ ಅನ್ನು. ಕಂಪ್ಯೂಟರಲ್ಲೂ ಹಂಗೇ ಮಾಡು. ಆಮೇಲೆ ಹೆಡ್‌ಫೋನ್ ಗುಂಡಿನ ಏಳು ಸೆಕೆಂಡು ಒತ್ತಿ ಹಿಡಿ, ಕೆಂಪು ನೀಲಿ ಮಿಣಮಿಣ ಅನ್ನೋವರ್ಗೂ. ಅಮ್ಮನ ಫೋನಲ್ಲಿ ಬ್ಲೂಟೂತ್ ಆಫ್ ಮಾಡ್ಸು."

ಕೊನೆಯದನ್ನು ಬಿಟ್ಟು ಎಲ್ಲವೂ ಕೈಲಾಗುವ ಮಾತೇ. ಈ ಶಾಸ್ತ್ರದಲ್ಲಿ ಎಲ್ಲ ರೋಗಕ್ಕೂ ಇರುವ ಮದ್ದು ಮರೆವೊಂದೇ. ಇಬ್ಬರೂ ಒಬ್ಬರನ್ನೊಬ್ಬರು ಮರೆತು, ಮೊದಲ ಸಲ ನೋಡಿದವರಂತೆ ನಾಚಿಕೊಂಡು, ಮತ್ತೆ ಕೈ ಹಿಡಿಯಬೇಕು. ಏಳು ಸೆಕೆಂಡಿಗೆ ಬದಲು ಐದೇ ಸೆಕೆಂಡು ಹಿಡಿದರೆ ಹೆಡ್‌ಫೋನು 'ಪವರ್ ಆಫ್' ಅನ್ನುತ್ತದೆ, ಹತ್ತು ಹಿಡಿದರೆ ಮಾತೇ ಬಿಡುತ್ತದೆ. ಮುಹೂರ್ತ ಸರಿಯಾಗಿ ಕೂಡಿಬಂದಾಗ ಫೋನಿನ ಪಟ್ಟಿಯಲ್ಲಿ ಹೆಸರುಗಳ ಜಾತ್ರೆ. ಮೇಲ್ಮನೆಯವರ ಟಿವಿ, ಎದುರುಮನೆ ಹುಡುಗನ ವಾಚು, ಯಾರದೋ ಕಾರು. ಹತ್ತು ಮೀಟರಿನೊಳಗೆ ಇಷ್ಟೊಂದು ನೆರೆಹೊರೆಯಿದೆಯೆಂದು ನನಗೆ ಗೊತ್ತಾದದ್ದೇ ಆಗ. ಮನುಷ್ಯರ ಪೈಕಿ ಅರ್ಧ ಜನರ ಹೆಸರು ನನಗಿನ್ನೂ ತಿಳಿಯದು.

ನಮ್ಮ ಬೀದಿಯ ಗಣೇಶೋತ್ಸವದಲ್ಲಿ ಬ್ಲೂಟೂತಿನ ಇನ್ನೊಂದು ಮುಖವನ್ನೂ ನೋಡಿದೆ. ಪೆಂಡಾಲಿಗೆ ತಂದ ಅಗ್ಗದ ಸ್ಪೀಕರು ಗುಟ್ಟಿನ ಅಂಕಿ ಕೇಳದೆ ಯಾರು ಬಂದರೂ ಒಳಗೆ ಬಿಟ್ಟುಕೊಳ್ಳುವ ಜಾತಿಯದು. ಮಂಗಳಾರತಿಯ ಹೊತ್ತಿಗೆ ಕಾರ್ಯದರ್ಶಿಯವರ ಫೋನಿಗೆ ಕರೆ ಬಂದು ಅವರು ಆಚೆ ಹೋದರು, ಸಂಪರ್ಕ ತಪ್ಪಿತು. ಕಾದು ಕೂತಿದ್ದ ಹುಡುಗನೊಬ್ಬ ಮರುಕ್ಷಣವೇ ಒಳಹೊಕ್ಕ. ಗಣಪತಿ ಐಟಂ ಸಾಂಗಿಗೆ ಆರತಿ ಬೆಳಗಿಸಿಕೊಂಡ. ಭಕ್ತರಲ್ಲಿ ಕೆಲವರು ತಾಳ ತಪ್ಪಲಿಲ್ಲ.

2016ರಲ್ಲಿ ಆಪಲ್ ಕಂಪನಿ ಐಫೋನ್ 7ರಿಂದ ಹೆಡ್‌ಫೋನಿನ ತೂತನ್ನೇ ಕಿತ್ತುಹಾಕಿತು. ಆ 3.5 ಮಿಲಿಮೀಟರಿನ ಪಿನ್ನಿನ ಮುತ್ತಜ್ಜ 1870ರ ದಶಕದ ಟೆಲಿಫೋನ್ ಎಕ್ಸ್‌ಚೇಂಜಿನವನು, ಅಂದರೆ ಶತಮಾನಕ್ಕೂ ಮೀರಿ ನಂಬಿಕೆಯಿಂದ ದುಡಿದ ವಂಶ. ಏಕೆ ತೆಗೆದಿರಿ ಎಂಬುದಕ್ಕೆ ವೇದಿಕೆಯ ಮೇಲೆ ಕೊಟ್ಟ ಉತ್ತರ ಒಂದೇ ಪದದ್ದು: ಧೈರ್ಯ. ಅದೇ ದಿನ, ಅದೇ ವೇದಿಕೆಯಲ್ಲಿ, ವೈರಿಲ್ಲದ ಇಯರ್‌ಬಡ್ಸನ್ನು 159 ಡಾಲರಿಗೆ ಇಟ್ಟರು. ಬಾವಿ ಮುಚ್ಚಿಸಿ ಕೊಡಪಾನದಲ್ಲಿ ನೀರು ಮಾರಲು ನಿಜಕ್ಕೂ ಧೈರ್ಯ ಬೇಕು. ನನ್ನ ಫೋನು ಅಗ್ಗದ್ದು, ಅಷ್ಟು ಧೈರ್ಯ ಅದಕ್ಕಿಲ್ಲ. ಹಾಗಾಗಿ ತೂತು ಉಳಿದುಕೊಂಡಿದೆ.

ಉಳಿದದ್ದು ಒಳ್ಳೆಯದಾಯಿತು ಅನ್ನಿಸಿದ್ದು ಮೊನ್ನೆ. ಬೆಳಗಿನ ಪ್ರದೇಶ ಸಮಾಚಾರ ಕೇಳೋಣವೆಂದು ಫೋನಿನಲ್ಲಿ ಎಫ್‌ಎಂ ರೇಡಿಯೊ ತೆರೆದೆ. ತಲೆಯ ಮೇಲೆ ಹೆಡ್‌ಫೋನು, 'ಕನೆಕ್ಟೆಡ್' ಎಂಬ ಅಭಯವೂ ಸಿಕ್ಕಿತ್ತು. ಆದರೆ ಫೋನು ವೈರಿನ ಇಯರ್‌ಫೋನ್ ಚುಚ್ಚು ಅಂದಿತು! ಫೋನಿನಲ್ಲಿ ರೇಡಿಯೊ ಹಿಡಿಯುವ ಆಂಟೆನಾ ಆ ವೈರೇ ಆಗಿತ್ತಂತೆ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರು, ಅದನ್ನು ಹಿಡಿಯಲು ಮುಕ್ಕಾಲು ಮೀಟರಿನಷ್ಟಾದರೂ ತಂತಿ ತೂಗಾಡಬೇಕು. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ನಮ್ಮೂರಾದ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಶುರುಮಾಡಿದರು, 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಹೋದದ್ದು ಇಲ್ಲಿಂದಲೇ. ಅಂದಿನವರು ರೇಡಿಯೊವನ್ನು 'ವೈರ್‌ಲೆಸ್ಸು' ಅನ್ನುತ್ತಿದ್ದರು. ಆ ವೈರ್‌ಲೆಸ್ಸನ್ನು ಕೇಳಲು ಈಗ ವೈರ್‌ಲೆಸ್ ಹೆಡ್‌ಫೋನ್ ತೆಗೆದಿಟ್ಟು ವೈರು ಹುಡುಕಬೇಕು.

ಮೇಜಿನ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡು, ಬರೆಯದ ಪೆನ್ನು, ಹಳೆಯ ಲೈಟ್ ಬಿಲ್ಲುಗಳ ಅಡಿಯಲ್ಲಿ ಜೋಗಿಯ ಜಡೆ ಸಿಕ್ಕಿತು. ಬಿಡಿಸಲು ಕಾಲು ಗಂಟೆ ಹಿಡಿಯಿತು. ಅದು ತೆರವು ಮಾಡಿದ ಜಾಗಕ್ಕೆ ಹೆಡ್‌ಫೋನನ್ನು ತುರುಕಿದೆ. ಚುಚ್ಚಿದ ಕೂಡಲೇ ಧ್ವನಿ ಬಂತು. ಯಾವ ಹೆಣ್ಣುಮಗಳೂ ಏನೂ ಘೋಷಿಸಲಿಲ್ಲ. ಒಂದು ಕಿವಿ ಮಾತ್ರ ಕೇಳಿಸುತ್ತಿತ್ತು, ಇನ್ನೊಂದು ಮೊದಲೇ ಸತ್ತಿತ್ತು. ಪರವಾಗಿಲ್ಲ, ಸಮಾಚಾರಕ್ಕೆ ಒಂದು ಕಿವಿ ಧಾರಾಳವಾಗಿ ಸಾಕು.

ಜಲಾಶಯಗಳ ನೀರಿನ ಮಟ್ಟ ಓದುತ್ತಿದ್ದರು. ಆಗ ಅಡುಗೆಮನೆಯಿಂದ, "ರೀ, ಮತ್ತೆ ನನ್ ಫೋನಲ್ಲಿ ಏನೂ ಕೇಳಿಸ್ತಿಲ್ಲ!" ಎಂದು ಕೂಗು. ಖಾಲಿ ಕಿವಿಯನ್ನು ಆ ಕಡೆ ಕೊಟ್ಟೆ. ಮೊಣಕಾಲಿನ ಹತ್ತಿರ, ಮುಚ್ಚಿದ ಡ್ರಾಯರಿನೊಳಗಿನಿಂದ, ಲೈಟ್ ಬಿಲ್ಲುಗಳ ನಡುವಿನಿಂದ ಸಣ್ಣ ದನಿಯೊಂದು ಕೇಳುತ್ತಿತ್ತು: "ಅಕ್ಕಾ, ಭಾವ ಹತ್ರ ಎಲ್ಲೂ ಇಲ್ಲ ತಾನೇ?"