ಡಬಲ್ ಕಾರ್ಡ್ ದಾಂಪತ್ಯ

ನಮ್ಮ ಮನೆಯಲ್ಲಿ ಪಕ್ಷಾಂತರಕ್ಕೆ ಅವಕಾಶವಿಲ್ಲ. ಮಗ ಕೆಂಪು ಪಾರ್ಟಿ, ಅಂದರೆ ಎಎಂಡಿ. ನಾನು ಹಸಿರು, ಎನ್ವಿಡಿಯಾ. ನನ್ನ ನಿಷ್ಠೆಗೆ ಕಾರಣ ಕೇಳಬೇಡಿ. ಮೊದಲು ಕೊಂಡ ಗ್ರಾಫಿಕ್ಸ್ ಕಾರ್ಡಿನ ಡಬ್ಬ ಹಸಿರಾಗಿತ್ತು, ಅಷ್ಟೇ. ಕಂಪ್ಯೂಟರ್ ಮಾತ್ರ ಒಂದೇ. ಅದನ್ನು ಮಂಜೂರು ಮಾಡಿಸಿಕೊಂಡದ್ದು ‘ಹುಡುಗನ ಪ್ರಾಜೆಕ್ಟಿಗೆ’ ಎಂಬ ಹೆಸರಿನಲ್ಲಿ. ರಾತ್ರಿ ಒಂದರವರೆಗೆ ಆ ಪ್ರಾಜೆಕ್ಟ್ ಮಾಡುವವನು ನಾನು.

ಈಚೆಗೆ ನನ್ನ ತಲೆಗೆ ಹೊಕ್ಕಿದ್ದು ಜೋಡಿ ಕಾರ್ಡಿನ ಹುಳ. “ಎಸ್.ಪಿ. ರೋಡಲ್ಲಿ ಹಳೇ ಕಾರ್ಡು ಜೋಡಿ ಸಿಗುತ್ತೆ ಕಣೋ. ಸ್ಪೀಡು ಡಬಲ್!” ಎಂದೆ.

“ಅಪ್ಪಾ, ಅದರ ತಿಥಿಯೂ ಆಗಿಹೋಯ್ತು.”

ಇವನೇನು ಬಲ್ಲ! 1998ರಲ್ಲೇ ತ್ರೀಡಿಎಫ್‌ಎಕ್ಸ್ ಕಂಪನಿ ಎರಡು ವೂಡೂ2 ಕಾರ್ಡುಗಳಿಗೆ ಗಂಟು ಹಾಕಿತ್ತು. ಪರದೆಯ ಒಂದು ಗೆರೆ ಇದು ಬಿಡಿಸಿದರೆ ಮುಂದಿನ ಗೆರೆ ಅದು. ಹೆಸರು ಎಸ್‌ಎಲ್‌ಐ. ಆ ಕಂಪನಿ ಮುಳುಗಿದಾಗ ಅದರ ಆಸ್ತಿ ಕೊಂಡ ಎನ್ವಿಡಿಯಾ, 2004ರಲ್ಲಿ ಅದೇ ಮೂರಕ್ಷರವನ್ನು ತನ್ನದಾಗಿ ಮಾಡಿಕೊಂಡಿತು. ಮರುವರ್ಷ ಕೆನಡಾದ ಎಟಿಐ ‘ಕ್ರಾಸ್‌ಫೈರ್’ ಎಂದು ಎದುರು ನಿಂತಿತು. 2006ರಲ್ಲಿ ಆ ಎಟಿಐಯನ್ನೇ ಎಎಂಡಿ ಕೊಂಡುಕೊಂಡಿತು.

ನನ್ನ ಈ ಪುರಾಣಕ್ಕೆ ಯಾರೂ ಹೂಂಗುಟ್ಟಲಿಲ್ಲ. ಮಗ ಅವರಮ್ಮನಿಗೆ ದೋಸೆಯ ಲೆಕ್ಕದಲ್ಲಿ ವಿವರಿಸಿದ:

“ಅಮ್ಮಾ, ಭಾನುವಾರ ನೀನೂ ಅಪ್ಪನೂ ಎರಡು ಕಾವಲಿ ಇಟ್ಟುಕೊಂಡು, ಒಂದು ದೋಸೆ ನಿಂದು, ಮುಂದಿಂದು ಅಪ್ಪಂದು ಅಂತ ಹುಯ್ಯುತ್ತೀರಲ್ಲ, ಹಾಗೆ. ಒಂದು ಫ್ರೇಮ್ ಈ ಕಾರ್ಡು, ಮುಂದಿಂದು ಆ ಕಾರ್ಡು. ಒಟ್ಟು ದೋಸೆ ಎಣಿಸಿದರೆ ಜಾಸ್ತಿಯೇ. ಆದರೆ ತಟ್ಟೆ ಮುಂದೆ ಕೂತವರಿಗೆ ಎರಡು ಒಟ್ಟಿಗೆ ಬಿದ್ದು, ಆಮೇಲೆ ಕೈ ಒಣಗುತ್ತೆ. ಅದಕ್ಕೇ ಮೈಕ್ರೋಸ್ಟಟರ್ ಅನ್ನೋದು. 4 ಜಿಬಿ ಕಾರ್ಡು ಎರಡು ಹಾಕಿದರೂ ಗೇಮಿಗೆ ಸಿಗೋದು 4 ಜಿಬಿಯೇ. ಇಬ್ಬರ ಪಕ್ಕದಲ್ಲೂ ಅದೇ ಹಿಟ್ಟು, ಅದೇ ಎಣ್ಣೆ ಇಡಬೇಕಲ್ಲ! ಗೇಮಿಗೆ ತಕ್ಕ ಪ್ರೊಫೈಲ್ ಬರೆದುಕೊಡದಿದ್ದರೆ ಎರಡನೇದು ಸುಮ್ಮನೆ ನಿಂತಿರುತ್ತೆ.”

“ಅಂದರೆ ಎರಡನೇ ಕಾರ್ಡು ನಿಮ್ಮಪ್ಪ” ಎಂದಳು ಇವಳು.

“ಸುಮ್ಮನೆ ನಿಂತರೂ ಕರೆಂಟ್ ಎಳೆಯುತ್ತೆ” ಎಂದು ಮಗ ಹೊಟ್ಟೆ ನೋಡಿದ. ನನ್ನ ಹೊಟ್ಟೆ.

ನನ್ನ ಪಾರ್ಟಿಯೇ ಕೈಕೊಟ್ಟಿತ್ತು. 2021ರಿಂದ ಎನ್ವಿಡಿಯಾ ಹೊಸ ಪ್ರೊಫೈಲ್ ಬರೆಯುವುದನ್ನೇ ನಿಲ್ಲಿಸಿತು. ಅದರ 2022ರ 4090 ಕಾರ್ಡಿನಲ್ಲಿ ಜೋಡಿಸುವ ಕೊಂಡಿಯೂ ಇಲ್ಲ. ಆ ಒಂದೇ ಕಾರ್ಡು 450 ವ್ಯಾಟ್ ನುಂಗುತ್ತದೆ. ಎಐ ಓಡಿಸುವವರಿಗೆ ಮಾತ್ರ ಇಂದಿಗೂ ಎರಡು ಕಾರ್ಡು ಉಪಯೋಗಕ್ಕೆ ಬರುತ್ತವೆ, ದೊಡ್ಡ ಮಾದರಿಯನ್ನು ಎರಡರ ಮೆಮೊರಿಗೂ ಪಾಲು ಹಾಕಬಹುದು. “ನಮಗೂ ಎಐ ಬೇಕಲ್ವಾ?” ಎಂದೆ. ಇವಳು ಮಿಕ್ಸಿ ಹಾಕಿದಳು.

ಬತ್ತಿ ಹೊಸೆಯುತ್ತಿದ್ದ ನನ್ನಮ್ಮನಿಗೆ ಇದ್ದದ್ದು ಒಂದೇ ಕುತೂಹಲ: ಈ ಎರಡು ಕಂಪನಿಯವರು ಯಾರ ಪೈಕಿ? ಮಗ ಹೇಳಿದ: ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್, ಎಎಂಡಿಯ ಮುಖ್ಯಸ್ಥೆ ಲಿಸಾ ಸು ಇಬ್ಬರೂ ತೈವಾನಿನಲ್ಲಿ ಹುಟ್ಟಿದವರು, ಲಿಸಾ ಅವರ ತಾಯಿಯ ತಂದೆಗೆ ಹುವಾಂಗ್ ಅವರ ತಾಯಿ ಒಡಹುಟ್ಟಿದ ತಂಗಿ.

ಅಮ್ಮನ ಬೆರಳು ನಿಂತಿತು. “ಅಂದರೆ ಆ ಹುಡುಗಿಯ ತಾಯಿಗೆ ಇವನು ಸೋದರತ್ತೆ ಮಗ. ಹುಡುಗಿಗೆ ಚಿಕ್ಕಪ್ಪ ಆಗಬೇಕು. ಯಾವುದು ತಗೊಂಡರೂ ದುಡ್ಡು ಹೋಗೋದು ಒಂದೇ ಮನೆತನಕ್ಕೆ. ನೀವ್ಯಾಕ್ರೋ ಜಗಳ ಆಡ್ತೀರಿ?”

“ಅಜ್ಜೀ, ಈಗ ಇಂಟೆಲ್ಲೂ ಕಾರ್ಡು ಮಾಡುತ್ತೆ.”

“ಅವರು ಗಂಡಿನ ಕಡೆಯವರೋ, ಹೆಣ್ಣಿನ ಕಡೆಯವರೋ?”