ಮೂತಿ ತಗ್ಗಿಸಿದರೆ ಕೆಮ್ಮು

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿಗೆ ಜನ ಮಕ್ಕಳಿಗಾಗಿ ಹರಕೆ ಹೊರುತ್ತಾರೆ. ಹಾಗೆ ಹುಟ್ಟಿದ ನಮ್ಮಕ್ಕನ ಮಗ ಈಗ ಜಗುಲಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡನೇ ಮಹಾಯುದ್ಧ ಮಾಡುತ್ತಿದ್ದಾನೆ.

"ಮಾವ, ಸ್ಪಿಟ್‌ಫೈರ್ ಮೂತಿ ತಗ್ಗಿಸಿದ್ರೆ ಇಂಜಿನ್ ಕೆಮ್ತದೆ. ಗೇಮೇ ಡಬ್ಬ!"

ಗೇಮು ಸರಿಯಾಗಿಯೇ ಇತ್ತು. 1940ರ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರಿಗಿದ್ದದ್ದು ಕಾರ್ಬುರೇಟರ್. ಮೂತಿಯನ್ನು ತಟಕ್ಕನೆ ಕೆಳಕ್ಕೆ ಒತ್ತಿದರೆ ಒಳಗಿನ ಪೆಟ್ರೋಲು ಮೇಲಕ್ಕೆ ನುಗ್ಗಿ ಇಂಜಿನ್ ಮುಗ್ಗರಿಸುತ್ತಿತ್ತು. ನೇರ ಇಂಜೆಕ್ಷನ್ ಇದ್ದ ಜರ್ಮನಿಯ ಮೆಸರ್‌ಸ್ಮಿಟ್ 109 ಆ ಗಳಿಗೆಯಲ್ಲೇ ಧುಮುಕಿ ಪರಾರಿ. 1941ರಲ್ಲಿ ಬೀಟ್ರಿಸ್ ಶಿಲಿಂಗ್ ಎಂಬ ಇಂಜಿನಿಯರಮ್ಮ ತೂತಿನ ಪುಟ್ಟ ಬಿಲ್ಲೆಯೊಂದನ್ನು ಕೂರಿಸಿ ಕೆಮ್ಮಿಗೆ ತಕ್ಕಮಟ್ಟಿಗೆ ಮದ್ದು ಮಾಡಿದಳು. ಬಿಲ್ಲೆಯ ಬೆಲೆ ಬಿಡಿಗಾಸು. ಗಂಡಸರ ಸಮಿತಿಗಳು ಕುಡಿದ ಚಹಾದ ಲೆಕ್ಕ ಬೇರೆ.

ಅಮೆರಿಕದ ಪಿ-38ರದ್ದು ಇನ್ನೂ ಫಜೀತಿ. ಎತ್ತರದಿಂದ ಧುಮುಕಿ ಶಬ್ದದ ವೇಗದ ಮೂರರಲ್ಲೆರಡು ಪಾಲು ದಾಟಿದರೆ ರೆಕ್ಕೆಯ ಮೇಲೆ ಆಘಾತ ತರಂಗ ಎದ್ದು, ಮೂತಿ ಮತ್ತೂ ತಗ್ಗುತ್ತಿತ್ತು, ನಿಯಂತ್ರಣದ ಹಿಡಿ ಕಲ್ಲಾಗುತ್ತಿತ್ತು. ಕೆಳಗಿನ ದಟ್ಟ ಗಾಳಿ ಸಿಗುವವರೆಗೆ ಪೈಲಟ್ಟಿಗೆ ಹರಕೆ ಹೊರುವುದೊಂದೇ ಕೆಲಸ. ಇದನ್ನು ಅನುಕರಿಸುವ ಗೇಮನ್ನು ಹುಡುಗರು ಬೈಯುತ್ತಾರೆ. ಸಲೀಸಾಗಿ ಧುಮುಕಿಸುವ ಗೇಮು ಮಾತ್ರ 'ರಿಯಲ್'.

"ಧುಮುಕೋದಕ್ಕೆ ಫೋಕೆವುಲ್ಫ್ 190 ವಾಸಿ ಕಣೋ. ಅದನ್ನ ಮಾಡಿದ ಕರ್ಟ್ ಟ್ಯಾಂಕ್ ಆಮೇಲೆ ಬೆಂಗಳೂರಿನ ಎಚ್‌ಎಎಲ್‌ಗೆ ಬಂದು ಮಾರುತ್ ಯುದ್ಧವಿಮಾನದ ವಿನ್ಯಾಸ ಮಾಡಿದ. 1961ರಲ್ಲಿ ಹಾರ್ತು."

"ಬೆಂಗ್ಳೂರಾ? ಹಂಗಾದ್ರೆ ನಮ್ಮೋರೇ ಬುಡು!"

ಅವತ್ತಿನಿಂದ ಅವನು ಜರ್ಮನಿಯ ಪಕ್ಷ.